ಸಹಾಯ ಬೇಕು: ಮನೆ ಪ್ರಾರ್ಥನೆ ಮತ್ತೆ ಶುರು ಮಾಡಬೇಕು

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಾವು ಕೋಲಾರದವರು. ನಮ್ಮ ಯಜಮಾನರಿಗೆ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಕ್ರೇಟ್ ಇಳಿಸುವ ಕೆಲಸ. ಸೀಸನ್ ಬಂದರೆ ಕತ್ತಲಲ್ಲೇ ಮನೆ ಬಿಡಬೇಕು. ರಾತ್ರಿ ಊಟಕ್ಕೆ ಕೂತರೆ ತಟ್ಟೆ ಮುಂದೆಯೇ ಕಣ್ಣು ಎಳೆಯುತ್ತದೆ. ಹೀಗಾಗಿ ಮನೆ ಪ್ರಾರ್ಥನೆ ನಿಂತೇ ಹೋಗಿದೆ. ಭಾನುವಾರ ಚರ್ಚ್‌ಗೆ ಹೋಗುತ್ತೇವೆ, ಆದರೆ ವಾರಕ್ಕೆಲ್ಲ ಅದೊಂದೇ ಸಾಲದು ಅಲ್ವಾ?

ದೇವರ ಕರುಣೆ ದಿನದಿನವೂ ಹೊಸದು ಅಂತ ಬೈಬಲ್‌ನ ಪ್ರಲಾಪಗಳು ಪುಸ್ತಕದ 3ನೇ ಅಧ್ಯಾಯದಲ್ಲಿದೆ. ಅದು ಎಲ್ಲ ಚೆನ್ನಾಗಿದ್ದಾಗ ಹೇಳಿದ ಮಾತಲ್ಲ. ಯೆರೂಸಲೇಮ್ ಹಾಳಾಗಿ ಬಿದ್ದಾಗಿನ ಗೋಳಿನ ನಡುವೆ ಬಂದ ಮಾತು. ಅದಕ್ಕೇ ನನಗೆ ಅದರಿಂದ ಜಾಸ್ತಿ ಧೈರ್ಯ.

ಮಾರ್ಕನ ಸುವಾರ್ತೆಯಿಂದ ಶುರು ಮಾಡುವ ಆಸೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಇವರಿಗೆ ಓದುವುದು ಕಷ್ಟ, ಕೇಳಿಸಿಕೊಳ್ಳುತ್ತಾರೆ. ನೆಟ್ ಇಲ್ಲದಿದ್ದರೂ ಕೇಳುವಂಥ, ಉಚ್ಚಾರಣೆ ಸ್ಪಷ್ಟ ಇರುವ ಕನ್ನಡ ಆಡಿಯೋ ಬೈಬಲ್ ಯಾವುದು ಒಳ್ಳೆಯದು? ಕೋಲಾರ ಟೌನ್‌ನಲ್ಲಿ ವಾರದ ಮಧ್ಯೆ ಸಂಜೆ ಪ್ರಾರ್ಥನಾ ಕೂಟ ನಡೆಸುವವರು ಯಾರಾದರೂ ಇದ್ದೀರಾ? ಮಂಡಿ, ಫ್ಯಾಕ್ಟರಿ ಶಿಫ್ಟ್ ಕೆಲಸದ ಮನೆಯವರು ಪ್ರಾರ್ಥನೆಗೆ ಯಾವ ಹೊತ್ತು ಇಟ್ಟುಕೊಂಡಿದ್ದೀರಿ? ಅಕ್ಕಂದಿರು, ಅಣ್ಣಂದಿರು ದಯವಿಟ್ಟು ತಿಳಿಸಿ. ನಮಗಾಗಿ ಪ್ರಾರ್ಥನೆಯನ್ನೂ ಮಾಡಿ.