'ಪ್ಯೂನ್' ಎಂಬ ಪದ ಬಂದ ದಾರಿ

ಪದಾಸಕ್ತ:
ನಮ್ಮ ಕಚೇರಿಯ ಹಳೆಯ ಇಂಗ್ಲಿಷ್ ಕಡತಗಳಲ್ಲಿ 'ಪ್ಯೂನ್' ಎಂದಿರುವುದನ್ನು ಕನ್ನಡ ಟಿಪ್ಪಣಿಗಳಲ್ಲಿ 'ಜವಾನ' ಎಂದು ಬರೆದಿದ್ದಾರೆ. ಅಮೆರಿಕದ ಇತಿಹಾಸ ಓದುವಾಗ ಇದೇ ಪದ, ಸಾಲಕ್ಕೆ ಸಿಲುಕಿ ಒಡೆಯನ ಹೊಲದಲ್ಲಿ ದುಡಿಯುವ ಆಳು ಎಂಬ ಅರ್ಥದಲ್ಲಿ ಎದುರಾಯಿತು. ಇವೆರಡೂ ಒಂದೇ ಪದವೇ?

ಭಾಷಾಧ್ಯಾಯಿ:
ಹೌದು, ಒಂದೇ ಬೇರಿನ ಎರಡು ಟಿಸಿಲುಗಳು. ಲ್ಯಾಟಿನ್ನಿನಲ್ಲಿ ಪಾದವನ್ನು ಸೂಚಿಸುವ 'ಪೆದ್' ಎಂಬ ಧಾತುವಿನಿಂದ (ನಮ್ಮ ಸಂಸ್ಕೃತದ 'ಪಾದ'ವೂ ಇದರ ದಾಯಾದಿಯೇ) ಕಾಲಾಳು ಎಂಬರ್ಥದ ಪದ ಹುಟ್ಟಿ, ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳೆರಡಕ್ಕೂ ಇಳಿಯಿತು. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದನ್ನು ಇಂಗ್ಲಿಷರು 17ನೆಯ ಶತಮಾನದ ಆರಂಭದಲ್ಲೇ ಬಳಸತೊಡಗಿದರು. ಮೊದಲು ಕಾಲಾಳು, ಆಮೇಲೆ ಕಾವಲಿನವನು, ಕೊನೆಗೆ ಕಾಗದಪತ್ರ ಒಯ್ಯುವವನು. ಸ್ಪ್ಯಾನಿಷ್ ರೂಪವಾದರೋ ಮೆಕ್ಸಿಕೊದ ಕಡೆ ದಿನಗೂಲಿಯವನಿಗೆ ಸಂದಿತು. ಸಾಲದ ಹೆಸರಿನ ಆ ಜೀತವನ್ನು ಅಮೆರಿಕದ ಕಾಂಗ್ರೆಸ್ 1867ರಲ್ಲಿ ನಿಷೇಧಿಸಿತು. ಅಲ್ಲಿ ಅದರ ಉಚ್ಚಾರಣೆ 'ಪೀಆನ್', ಇಲ್ಲಿ 'ಪ್ಯೂನ್'.

ಚದುರಂಗಪ್ರಿಯ:
ಚದುರಂಗದ 'ಪಾನ್' ಕೂಡ ಇದೇ ಬಳಗದ್ದು. ನಾವು ಆ ಕಾಯಿಯನ್ನು ಕಾಲಾಳು, ಪದಾತಿ ಎಂದಾಗ ಅದೇ ಅರ್ಥವನ್ನು ಹೇಳುತ್ತಿರುತ್ತೇವೆ. ಆದರೆ ಗಿರವಿ ಅಂಗಡಿಯ ಫಲಕದ 'ಪಾನ್ ಬ್ರೋಕರ್' ಬೇರೆ. ಅದರ ಮೂಲ ಒತ್ತೆ ಎಂಬರ್ಥದ ಹಳೆಯ ಫ್ರೆಂಚ್ ಪದ. ಕಾಗುಣಿತ ಒಂದೇ ಆದ್ದರಿಂದ ಹಲವರು ಎಡವುತ್ತಾರೆ.

ನಿವೃತ್ತ ಗುಮಾಸ್ತ:
ನನಗೆ ಸೋಜಿಗವೆನಿಸುವುದು ನಮ್ಮದೇ ಕಚೇರಿಯ ಪದಗಳು. ಪಾರ್ಸಿಯ 'ಜವಾನ್' ಎಂದರೆ ತರುಣ. ಹಿಂದಿಯಲ್ಲಿ ಅದು ಇಂದಿಗೂ ಸೈನಿಕ, ನಮ್ಮಲ್ಲಿ ಮಾತ್ರ ಕರೆಗಂಟೆಗೆ ಓಗೊಡುವವನು. ಸಾಹೇಬರ ಕೊಠಡಿಯ ಬಾಗಿಲಲ್ಲಿ ನಿಲ್ಲುವ ದಫೇದಾರನ ಹೆಸರು ಅಶ್ವದಳದ್ದು. 'ದಲಾಯತ' ಎಂಬುದು ಮರಾಠಿಯ ಕಡೆಯಿಂದ ಬಂದ, ಢಾಲು ಹಿಡಿದವನು ಎಂಬರ್ಥದ ಪದ. ಹಾಗಾಗಿ 'ಪ್ಯೂನ್' ಎಂಬುದಕ್ಕೆ 'ಜವಾನ' ಎಂದು ಬರೆದವರು, ತಿಳಿದೋ ತಿಳಿಯದೆಯೋ, ಸಿಪಾಯಿಗೆ ಸಿಪಾಯಿಯನ್ನೇ ಜೋಡಿಸಿದ್ದಾರೆ.

ಪದಾಸಕ್ತ:
ವಂದನೆಗಳು. ಈಗ ಈ ಎರಡು ಪದಗಳನ್ನೂ ಅಗೌರವವೆಂದು ಬಿಟ್ಟು, ನಮ್ಮಲ್ಲಿ 'ಡಿ ಗುಂಪಿನ ನೌಕರರು' ಎಂದೇ ಬರೆಯುತ್ತೇವೆ. ಆದರೂ ಹಾಜರಿ ಪುಸ್ತಕದ ಹಳೆಯ ರಟ್ಟಿನ ಮೇಲೆ 'ಜವಾನರು' ಎಂಬ ಶೀರ್ಷಿಕೆ ಹಾಗೆಯೇ ಉಳಿದಿದೆ.