ಅಪ್‌ಡೇಟ್: ಶಿವಮೊಗ್ಗದಲ್ಲೇ ಅಕೌಂಟ್ಸ್ ಕೆಲಸ ಸಿಕ್ಕಿತು

ಬಿ.ಕಾಂ. ಮುಗಿದಿದೆ, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರುತ್ತದೆ, ಬೆಂಗಳೂರಿಗೆ ಹೋಗದೆ ತೀರ್ಥಹಳ್ಳಿ-ಶಿವಮೊಗ್ಗ ಕಡೆಯಲ್ಲೇ ಕೆಲಸ ಹುಡುಕೋದು ಹೇಗೆ ಅಂತ ಕೇಳಿದ್ದೆ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿದೆ.

"ಆಡಿಟರ್ ಆಫೀಸುಗಳಿಗೆ ನೇರವಾಗಿ ಹೋಗಿ ಕೇಳಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ನಾನು ಹೋದ ಆಡಿಟರ್ ಹತ್ತಿರ ಜಾಗ ಖಾಲಿ ಇರಲಿಲ್ಲ. ಆದರೆ ಅವರು ಲೆಕ್ಕ ನೋಡುವ ಮಂಡಿಯವರಿಗೆ ಜನ ಬೇಕಿತ್ತು, ನನ್ನೆದುರೇ ಫೋನ್ ಮಾಡಿದರು. ಈ ಕೆಲಸದ ಜಾಹೀರಾತು ಎಲ್ಲೂ ಬಂದಿರಲಿಲ್ಲ! ಆಡಿಟರ್ ಆಫೀಸಿಗೆ ಹೋಗುವವರು ತಿಂಗಳ 20 ದಾಟಿದ ಮೇಲೆ ಹೋಗಿ. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಕೊಡುವ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆ ದಿನ. ಆ ಗಡಿಬಿಡಿಯಲ್ಲಿ ರೆಸ್ಯೂಮ್ ಯಾರು ನೋಡ್ತಾರೆ, ಅಲ್ವಾ?

ಮಂಡಿಯಲ್ಲಿ ಮಾರ್ಕ್ಸ್ ಕಾರ್ಡ್ ಕೇಳಲೇ ಇಲ್ಲ. ಹೊರರಾಜ್ಯಕ್ಕೆ ಅಡಿಕೆ ಕಳಿಸಿದ ಬಿಲ್ ಕೊಟ್ಟು ಟ್ಯಾಲಿಯಲ್ಲಿ ಹಾಕಿ ಅಂದರು. ಒಣ ಅಡಿಕೆಗೆ 5% ಜಿಎಸ್‌ಟಿ, ಹೊರರಾಜ್ಯವಾದ್ದರಿಂದ ಪೂರ್ತಿ ಅಂತರರಾಜ್ಯ ಮಾರಾಟದ ತೆರಿಗೆಯಾದ ಐಜಿಎಸ್‌ಟಿ. ಅಷ್ಟು ಗೊತ್ತಿದ್ದದ್ದೇ ಸಾಕಾಯಿತು.

ಉಳಿದ ಸಲಹೆಗಳು ನನಗೆ ಕೈಹಿಡಿಯಲಿಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ, ಮಾಡಿಟ್ಟಿದ್ದೇನೆ, ಆದರೆ ನನಗೆ ಹೊಂದುವಂಥದ್ದು ಹತ್ತಿರದಲ್ಲಿ ಕಾಣಲಿಲ್ಲ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗೇಟಿನವರು ರೆಸ್ಯೂಮ್ ಇಸ್ಕೊಂಡರು, ಅಷ್ಟೇ. ಆ್ಯಪ್ ಒಂದರ ಮೂಲಕ ಫೋನ್ ಮಾಡಿದವರು ಮೊದಲು ಡೆಪಾಸಿಟ್ ಕಟ್ಟಿ ಅಂದರು, ಸುಮ್ನೆ ಬ್ಲಾಕ್ ಮಾಡಿದೆ.

ಅಡಿಕೆ ಕೊಯ್ಲು ಶುರುವಾದ ಮೇಲೆ ಮಂಡಿಗೆ ಇನ್ನೂ ಜನ ಬೇಕಾಗಬಹುದಂತೆ. ಟ್ಯಾಲಿ ಬರುವವರು ಆಗ ಒಮ್ಮೆ ವಿಚಾರಿಸಿ.