ಮೈಗ್ರೇನ್‌ಗೆ ಸಿಬಿಡಿ ಎಣ್ಣೆ: ಬಾಟಲಿ ಮೇಲಿನ 1500 ಮಿ.ಗ್ರಾಂ ಯಾವುದರ ಲೆಕ್ಕ?

ಪ್ರಶ್ನೆ: ಹಗಲುದೀಪ

ಅಕ್ಕನಿಗೆ (34 ವರ್ಷ, 58 ಕೆ.ಜಿ.) ಮೈಗ್ರೇನ್ ಅಂತ ನರರೋಗ ತಜ್ಞರು ಹೇಳಿದ್ದಾರೆ. ತಿಂಗಳಲ್ಲಿ ಎಂಟೊಂಬತ್ತು ಸಲ ಬರುತ್ತೆ. ಈಗ ತಗೊಳ್ತಿರೋದು ಪ್ರೊಪ್ರನೊಲಾಲ್ 40, ರಾತ್ರಿ ಅಮಿಟ್ರಿಪ್ಟಿಲಿನ್ 10, ನೋವು ಬಂದಾಗ ರೈಜಾಟ್ರಿಪ್ಟಾನ್ 10. ಅದು ಸಾಲದೆ ಅಂಗಡಿಯಿಂದ ತಂದ ಪ್ಯಾರಾಸಿಟಮಾಲ್-ಕೆಫೀನ್ ಮಾತ್ರೆ, ಅದೇ ತಿಂಗಳಿಗೆ 12 ದಿನ ಆಗುತ್ತೆ.

ಮೈಗ್ರೇನ್‌ಗೆ ಸಿಬಿಡಿ ಎಣ್ಣೆ (ಸಿಬಿಡಿ ಅಂದ್ರೆ ಗಾಂಜಾ ಗಿಡದಲ್ಲಿರೋ, ಮತ್ತೇರಿಸದ ಒಂದು ಅಂಶ) ಒಳ್ಳೇದು ಅಂತ ಕೇಳಿ ಆನ್‌ಲೈನ್‌ನಲ್ಲಿ 30 ಮಿ.ಲೀ. ಬಾಟಲಿ ನೋಡಿದ್ವಿ. ಲೇಬಲ್ ಮೇಲೆ ‘ವಿಜಯಾ ಎಲೆ ಸಾರ 1500 ಮಿ.ಗ್ರಾಂ’ ಅಂತಿದೆ. ಅದರ ಪಕ್ಕದಲ್ಲೇ ಅರ್ಧ ಬೆಲೆಗೆ ಹೆಂಪ್ (ಗಾಂಜಾ ಜಾತಿಯದೇ ಗಿಡ) ಬೀಜದ ಎಣ್ಣೆ. ಎರಡೂ ಒಂದೇನಾ? ಎಷ್ಟು ಹನಿ ಹಾಕಬೇಕು? ನೋವು ಶುರುವಾದಾಗಲಾ, ದಿನಾನಾ? ಈಗಿನ ಮಾತ್ರೆಗಳ ಜೊತೆ ಏನಾದರೂ ತೊಂದರೆ ಇದೆಯಾ?

ಉತ್ತರ 1: ಲ್ಯಾಬ್_ಪಿಪೆಟ್

ಎರಡೂ ಒಂದೇ ಅಲ್ಲ. ಹೆಂಪ್ ಬೀಜದ ಎಣ್ಣೆ ಅಡುಗೆಗೆ, ಚರ್ಮಕ್ಕೆ ಬಳಸೋ ಎಣ್ಣೆ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಅದನ್ನು ಆಹಾರ ಅಂತ ಒಪ್ಪಿದೆ. ಸಿಬಿಡಿ ಇರೋದು ಹೂವಿನಲ್ಲಿ, ಎಲೆಯಲ್ಲಿ. ಬೀಜದಲ್ಲಿ ಇಲ್ಲ ಅಂದ್ರೂ ನಡೆಯುತ್ತೆ. ಆ ಅರ್ಧ ಬೆಲೆಯ ಬಾಟಲಿಯನ್ನ ಪೂರ್ತಿ ಕುಡಿದರೂ ಮೈಗ್ರೇನ್‌ಗೆ ಏನೂ ಆಗಲ್ಲ, ಹೊಟ್ಟೆ ಕೆಡಬಹುದು ಅಷ್ಟೆ.

ಇನ್ನು ಆ 1500. ಹೆಚ್ಚಿನವರು ಎಡವೋದು ಇಲ್ಲೇ. ಅದು ಸಾರದ ತೂಕ, ಸಿಬಿಡಿಯ ತೂಕ ಅಲ್ಲ. 1500 ಅನ್ನು 30ರಿಂದ ಭಾಗಿಸಿದ್ರೆ ಒಂದು ಮಿ.ಲೀ.ಗೆ 50 ಮಿ.ಗ್ರಾಂ ಸಾರ. ಅದರೊಳಗೆ ಸಿಬಿಡಿ ಎಷ್ಟು, ಮತ್ತೇರಿಸೋ ಟಿಎಚ್‌ಸಿ ಎಷ್ಟು ಅನ್ನೋದು ಲೇಬಲ್‌ನಲ್ಲಿ ಇರೋದಿಲ್ಲ. ವಿಜಯಾ ಅಂದ್ರೆ ಭಂಗಿ ಸೊಪ್ಪೇ. ಅಮೆರಿಕದಲ್ಲಿ ಸಿಬಿಡಿ ಎಣ್ಣೆ ತೆಗೆಯೋ ಹೆಂಪ್‌ನಲ್ಲಿ ಟಿಎಚ್‌ಸಿ ಶೇ. 0.3 ದಾಟಬಾರದು ಅಂತ ಮಿತಿ ಇದೆ. ಇಲ್ಲಿ ಸಿಗೋ ಎಷ್ಟೋ ವಿಜಯಾ ಎಣ್ಣೆಗಳಲ್ಲಿ ಟಿಎಚ್‌ಸಿ ಸಿಬಿಡಿಗೆ ಸರಿಸಮ ಇರುತ್ತೆ, ಕೆಲವದರಲ್ಲಿ ಹೆಚ್ಚೂ ಇರುತ್ತೆ.

ಆದ್ದರಿಂದ ಮೊದಲು ಕಂಪನಿಯಿಂದ ಅದೇ ಬ್ಯಾಚ್‌ನ ಲ್ಯಾಬ್ ವರದಿ (ಸಿಒಎ) ತರಿಸಿಕೊಳ್ಳಿ. ಬಾಟಲಿ ಮೇಲಿನ ಬ್ಯಾಚ್ ನಂಬರ್, ವರದಿಯ ನಂಬರ್ ಎರಡೂ ತಾಳೆ ಆಗಬೇಕು. ‘ಸ್ಯಾಂಪಲ್ ವರದಿ’ ಅಂತ ಒಂದೇ ಪಿಡಿಎಫ್ ಎಲ್ಲರಿಗೂ ಕಳಿಸೋರನ್ನ ಬಿಟ್ಟುಬಿಡಿ. ಅದರಲ್ಲಿ ನೋಡಬೇಕಾದ್ದು ಮಿ.ಲೀ.ಗೆ ಸಿಬಿಡಿ, ಮಿ.ಲೀ.ಗೆ ಟಿಎಚ್‌ಸಿ, ಸೀಸ-ಕ್ಯಾಡ್ಮಿಯಂ (ಈ ಗಿಡ ಮಣ್ಣಿನ ಲೋಹಗಳನ್ನ ಚೆನ್ನಾಗಿ ಎಳೆದುಕೊಳ್ಳುತ್ತೆ), ಕೀಟನಾಶಕ, ಉಳಿದ ದ್ರಾವಕ.

ಲೆಕ್ಕ ಹೀಗೆ. ವರದಿಯಲ್ಲಿ ಮಿ.ಲೀ.ಗೆ ಸಿಬಿಡಿ 12 ಮಿ.ಗ್ರಾಂ, ಟಿಎಚ್‌ಸಿ 9 ಮಿ.ಗ್ರಾಂ ಅಂತ ಇದೆ ಅಂದುಕೊಳ್ಳಿ. 10 ಮಿ.ಗ್ರಾಂ ಸಿಬಿಡಿ ಬೇಕು ಅಂದ್ರೆ 0.83 ಮಿ.ಲೀ. ತಗೋಬೇಕು, ಅದರ ಜೊತೆ 7.5 ಮಿ.ಗ್ರಾಂ ಟಿಎಚ್‌ಸಿ ಪುಕ್ಕಟೆ. ಅಭ್ಯಾಸ ಇಲ್ಲದವರಿಗೆ ಅಷ್ಟೇ ಸಾಕು, ತಲೆ ಸುತ್ತೋದು, ಎದೆ ಡವಡವ ಅನ್ನೋದು, ಸುಮ್ಮನೆ ಭಯ ಆಗೋದು ಎಲ್ಲ ಶುರುವಾಗುತ್ತೆ. ಸ್ಕೂಟರ್ ಹತ್ತೋ ಮಾತೇ ಇಲ್ಲ.

ಹನಿ ಎಣಿಸೋದನ್ನೂ ಬಿಡಿ. ‘20 ಹನಿಗೆ ಒಂದು ಮಿ.ಲೀ.’ ಅನ್ನೋದು ನೀರಿನ ಲೆಕ್ಕ. ಎಣ್ಣೆಯ ಹನಿ ಚಿಕ್ಕದು, ಡ್ರಾಪರ್ ತುದಿ ಬದಲಾದ್ರೆ ಹನಿಯ ಗಾತ್ರವೂ ಬದಲಾಗುತ್ತೆ. ಮೆಡಿಕಲ್ ಶಾಪ್‌ನಲ್ಲಿ ಸೂಜಿ ಇಲ್ಲದ 1 ಮಿ.ಲೀ. ಸಿರಿಂಜ್ ಕೇಳಿ ತಗೊಳ್ಳಿ, 0.1ರ ಗೆರೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ಲೇಬಲ್ ನಂಬೋದರ ಬಗ್ಗೆ ಇನ್ನೊಂದು ಮಾತು: 2017ರಲ್ಲಿ ಅಮೆರಿಕದಲ್ಲಿ ಆನ್‌ಲೈನ್ ಸಿಬಿಡಿ ಮಾಲು 84 ಕೊಂಡು ಪರೀಕ್ಷಿಸಿದಾಗ ಲೇಬಲ್‌ಗೆ ಸರಿಹೊಂದಿದ್ದು ಶೇ. 31ರಷ್ಟು ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ಉತ್ತರ 2: ಕೌಂಟರ್_ಫಾರ್ಮಸಿಸ್ಟ್

ಎಣ್ಣೆಗಿಂತ ಮುಂಚೆ ಈಗಿನ ಚೀಟಿ ನೋಡೋಣ. ಅದರಲ್ಲೇ ಎರಡು ವಿಷಯ ಇದೆ.

ಪ್ರೊಪ್ರನೊಲಾಲ್ ರಕ್ತದಲ್ಲಿ ರೈಜಾಟ್ರಿಪ್ಟಾನ್ ಮಟ್ಟವನ್ನ ಏರಿಸುತ್ತೆ. ಇವೆರಡನ್ನೂ ತಗೊಳ್ಳೋ ದೊಡ್ಡವರಿಗೆ ರೈಜಾಟ್ರಿಪ್ಟಾನ್ 5 ಮಿ.ಗ್ರಾಂ ಸಾಕು, 24 ಗಂಟೆಯಲ್ಲಿ ಮೂರು ಸಲಕ್ಕಿಂತ ಹೆಚ್ಚು ಬೇಡ. ಇವರಿಗೆ 10 ಬರೆದಿದ್ದಾರೆ. ಬರೆದ ವೈದ್ಯರಿಗೆ ಫೋನ್ ಮಾಡಿ ಕೇಳಿ, ಬೇರೆ ಟ್ರಿಪ್ಟಾನ್‌ಗೂ ಬದಲಾಯಿಸಬಹುದು.

ಎರಡನೇದು ಆ 12 ದಿನ. ಟ್ರಿಪ್ಟಾನ್ ಅಥವಾ ಕೆಫೀನ್ ಬೆರೆಸಿದ ನೋವಿನ ಮಾತ್ರೆ ತಿಂಗಳಲ್ಲಿ 10 ದಿನ ಮುಟ್ಟಿ, ಮೂರು ತಿಂಗಳಿಗಿಂತ ಹೆಚ್ಚು ಹಾಗೇ ನಡೆದರೆ ಮಾತ್ರೆಯೇ ತಲೆನೋವು ತರಿಸೋಕೆ ಶುರು ಮಾಡುತ್ತೆ. ಬರೀ ಪ್ಯಾರಾಸಿಟಮಾಲ್‌ಗೆ ಈ ಗಡಿ 15 ದಿನ. ಅಕ್ಕನಿಗೆ ಈಗ ಬರ್ತಿರೋ ನೋವಲ್ಲಿ ಎಷ್ಟು ಮೈಗ್ರೇನ್, ಎಷ್ಟು ಮಾತ್ರೆಯ ಪ್ರಭಾವ ಅಂತ ವಿಂಗಡಿಸದೆ ಮೇಲೊಂದು ಎಣ್ಣೆ ಸುರಿದ್ರೆ ಯಾವುದು ಕೆಲಸ ಮಾಡ್ತು ಅಂತ ಯಾರಿಗೂ ಗೊತ್ತಾಗಲ್ಲ. ಆದರೆ ಪ್ರೊಪ್ರನೊಲಾಲ್ ಮಾತ್ರ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಎದೆಬಡಿತ, ಬಿಪಿ ಏಕ್‌ದಮ್ ಏರುತ್ತೆ.

ಈಗ ಸಿಬಿಡಿ. ಲಿವರ್‌ನಲ್ಲಿ ಔಷಧಿ ಕರಗಿಸೋ ಸಿವೈಪಿ ಕಿಣ್ವಗಳಲ್ಲಿ 2ಸಿ19 ಅನ್ನೋದನ್ನ ಇದು ತಡೆಯುತ್ತೆ. ಅಮಿಟ್ರಿಪ್ಟಿಲಿನ್ ಕರಗೋ ದಾರಿಗಳಲ್ಲಿ ಅದೂ ಒಂದು. ದಾರಿ ಕಟ್ಟಿದ್ರೆ 10 ಮಿ.ಗ್ರಾಂ ಮಾತ್ರೆಯೇ ಹೆಚ್ಚು ಹೊತ್ತು ಉಳಿಯುತ್ತೆ: ಬೆಳಗ್ಗೆವರೆಗೂ ಮಂಪರು, ಬಾಯಿ ಒಣಗೋದು, ಮಲಬದ್ಧತೆ. ಪ್ರೊಪ್ರನೊಲಾಲ್ ಇರೋದರಿಂದ ನಾಡಿಬಡಿತವನ್ನೂ ನೋಡ್ತಾ ಇರಿ. ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬಂದ್ರೆ ಎಣ್ಣೆ ನಿಲ್ಲಿಸಿ ವೈದ್ಯರಿಗೆ ಹೇಳಿ.

ಓದೋ ಬೇರೆಯವರಿಗೆ: ಮೈಗ್ರೇನ್‌ಗೆ ವಾಲ್‌ಪ್ರೊಯೇಟ್ ತಗೊಳ್ತಿದ್ರೆ ಸಿಬಿಡಿ ಮುಟ್ಟಬೇಡಿ, ಎರಡೂ ಸೇರಿದ್ರೆ ಲಿವರ್ ಕಿಣ್ವ ಏರೋ ಸಾಧ್ಯತೆ ಚೆನ್ನಾಗಿ ದಾಖಲಾಗಿದೆ. ಮೈಗ್ರೇನ್‌ಗೇ ಕೊಡೋ ಟೋಪಿರಾಮೇಟ್ ಮಟ್ಟವೂ ಏರುತ್ತೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳೋರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಅನ್ನೋ ಅಳತೆ) ಏರಿ ರಕ್ತಸ್ರಾವದ ಭಯ. ಬಸುರಿಯರಿಗೆ, ಬಾಣಂತಿಯರಿಗೆ ಬೇಡವೇ ಬೇಡ.

ಬೇರೆ ಮಾತ್ರೆ ಇಲ್ಲದವರಿಗೂ ಲಿವರ್ ಪರೀಕ್ಷೆ ಬೇಕು. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಿಗೇ ಕೆ.ಜಿ.ಗೆ ದಿನಕ್ಕೆ 5 ಮಿ.ಗ್ರಾಂನಂತೆ 28 ದಿನ ಕೊಟ್ಟಾಗ ಶೇ. 5.6 ಮಂದಿಗೆ ಲಿವರ್ ಕಿಣ್ವ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿತು. ಶುರು ಮಾಡೋ ಮೊದಲು ಒಂದು ಎಲ್‌ಎಫ್‌ಟಿ (ಲಿವರ್ ರಕ್ತಪರೀಕ್ಷೆ), ತಿಂಗಳ ನಂತರ ಇನ್ನೊಂದು.

ಉತ್ತರ 3: ನರತಂತು

ಮೇಲಿನ ಇಬ್ಬರೂ ಹೇಳಿದ್ದನ್ನ ಒಪ್ಪುತ್ತೀನಿ, ಉಳಿದದ್ದು ಇದು ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆ.

ನೋವು ಬಂದಾಗ ಹಾಕೋ ಯೋಚನೆ ಬಿಡಿ. ನುಂಗಿದ ಸಿಬಿಡಿ ರಕ್ತದಲ್ಲಿ ತುದಿ ಮುಟ್ಟೋಕೆ ಎರಡೂವರೆಯಿಂದ ಐದು ಗಂಟೆ ಬೇಕು. ನಾಲಿಗೆ ಕೆಳಗೆ ಒಂದು ನಿಮಿಷ ಇಟ್ಟುಕೊಂಡ್ರೂ ಬಹುಪಾಲು ಹೋಗೋದು ಹೊಟ್ಟೆಗೇ. ಮೈಗ್ರೇನ್ ಹೊತ್ತಲ್ಲಿ ಹೊಟ್ಟೆಯೇ ನಿಧಾನ ಆಗಿರುತ್ತೆ, ವಾಂತಿ ಬೇರೆ. ಎಣ್ಣೆ ರಕ್ತಕ್ಕೆ ಸೇರೋ ಹೊತ್ತಿಗೆ ರೈಜಾಟ್ರಿಪ್ಟಾನ್ ತನ್ನ ಕೆಲಸ ಮುಗಿಸಿರುತ್ತೆ.

ಪುರಾವೆಯೂ ತೆಳುವೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ವಿಭಾಗದಲ್ಲಿ 92 ಜನರ ಮೇಲೆ ನಡೆದ ಪ್ರಯೋಗದಲ್ಲಿ ಟಿಎಚ್‌ಸಿ, ಸಿಬಿಡಿ, ಎರಡರ ಮಿಶ್ರಣ ಮತ್ತು ಹುಸಿಮದ್ದು ಕೊಟ್ಟು ಹೋಲಿಸಿದರು. ಎರಡು ಗಂಟೆಯ ನಂತರ ಮಿಶ್ರಣಕ್ಕೆ ಹುಸಿಮದ್ದಿಗಿಂತ ಹೆಚ್ಚು ಫಲ ಸಿಕ್ತು, ಸಿಬಿಡಿ ಒಂದೇ ಇದ್ದದ್ದಕ್ಕೆ ಸಿಗಲಿಲ್ಲ. ಅದೂ ಆವಿಯಾಗಿ ಎಳೆದುಕೊಂಡದ್ದು, ಎಣ್ಣೆ ಅಲ್ಲ. ‘ಶುದ್ಧ ಸಿಬಿಡಿ, ಮೈಗ್ರೇನ್ ಮಾಯ’ ಅನ್ನೋ ಜಾಹೀರಾತಿಗೆ ಈ ಪ್ರಯೋಗ ಆಧಾರ ಆಗಲ್ಲ.

ಪ್ರಮಾಣದ ಅಂತರವನ್ನೂ ನೋಡಿ. ಸಿಬಿಡಿಯಿಂದಲೇ ಮಾಡಿದ, 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಎಪಿಡಿಯೋಲೆಕ್ಸ್ ಅನ್ನೋ ಔಷಧಿ ಇರೋದು ಮಕ್ಕಳಲ್ಲಿ ಶುರುವಾಗೋ ಅಪರೂಪದ ಫಿಟ್ಸ್ ಕಾಯಿಲೆಗಳಿಗೆ. ಅದರ ಆರಂಭದ ಪ್ರಮಾಣವೇ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ. 58 ಕೆ.ಜಿ.ಗೆ 290 ಮಿ.ಗ್ರಾಂ ಆಯ್ತು. ಬಾಟಲಿ ಎಣ್ಣೆಯಲ್ಲಿ ಜನ ತಗೊಳ್ಳೋದು 10, 20.

ಇಷ್ಟಾದ ಮೇಲೂ ನೋಡಲೇಬೇಕು ಅಂದ್ರೆ, ನರರೋಗ ತಜ್ಞರಿಗೆ ಹೇಳಿ, ಈಗಿನ ಔಷಧಿ ಯಾವುದನ್ನೂ ಬಿಡದೆ, ಮೊದಲು ನಾಲ್ಕು ವಾರ ಬರೀ ಡೈರಿ ಬರೀಲಿ: ನೋವಿನ ದಿನ, 10ರಲ್ಲಿ ಎಷ್ಟು, ಯಾವ ಮಾತ್ರೆ, ಮುಟ್ಟಿನ ದಿನ. ಆಮೇಲೆ ಲ್ಯಾಬ್ ವರದಿಯಲ್ಲಿ ಟಿಎಚ್‌ಸಿ ಇಲ್ಲವೇ ಇಲ್ಲ ಅನ್ನೋ ಹಂತದಲ್ಲಿರೋ ಎಣ್ಣೆಯಲ್ಲಿ 10 ಮಿ.ಗ್ರಾಂ, ರಾತ್ರಿ ಊಟದ ಜೊತೆ. ಊಟ ಮುಖ್ಯ. ಜಿಡ್ಡಿನ ಊಟದ ಜೊತೆ ಸಿಬಿಡಿ ಖಾಲಿ ಹೊಟ್ಟೆಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ. ಒಂದು ದಿನ ಗಂಜಿ, ಮರುದಿನ ಬಿರಿಯಾನಿ ಅಂದ್ರೆ ಒಂದೇ ಗೆರೆವರೆಗೆ ಎಳೆದ ಎಣ್ಣೆ ಎರಡು ಬೇರೆ ಡೋಸ್ ಆಗುತ್ತೆ. ಎರಡು ವಾರ ಹಾಗೇ ಇಟ್ಟು, ಮಂಪರು, ಭೇದಿ ಇಲ್ಲದಿದ್ರೆ 20. ನಡುವೆ ಬೇರೆ ಹೊಸ ಔಷಧಿ ಸೇರಿಸಬೇಡಿ. ಮೂರು ತಿಂಗಳಲ್ಲಿ ನೋವಿನ ದಿನ ಅರ್ಧಕ್ಕೆ ಇಳಿಯದಿದ್ರೆ ನಿಲ್ಲಿಸಿ.

ಕ್ಷಣಾರ್ಧದಲ್ಲಿ ಸಿಡಿಲಿನಂತೆ ಬಂದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು ಕಂಡ್ರೆ ಡೈರಿ ಬದಿಗಿಟ್ಟು ತುರ್ತು ಚಿಕಿತ್ಸೆಗೆ ಹೋಗಿ.

ಹಗಲುದೀಪ

ಎಲ್ಲರಿಗೂ ಥ್ಯಾಂಕ್ಸ್. ರೈಜಾಟ್ರಿಪ್ಟಾನ್ ವಿಷಯ ಇವತ್ತೇ ಡಾಕ್ಟರ್‌ಗೆ ಕೇಳ್ತೀವಿ. ಟಿಎಚ್‌ಸಿ ಇಲ್ಲದ್ದು ಇಲ್ಲಿ ಸಿಗೋದು ಕಷ್ಟ ಅನ್ಸುತ್ತೆ. ಭಾವ ಮುಂದಿನ ತಿಂಗಳು ಅಮೆರಿಕದಿಂದ ದುಬೈ ಮೇಲೆ ಮಂಗಳೂರಿಗೆ ಬರ್ತಿದ್ದಾರೆ, ಅಲ್ಲಿಂದ ತರಿಸಬಹುದಾ?

ಉತ್ತರ 4: ಲ್ಯಾಬ್_ಪಿಪೆಟ್

ಬೇಡ. ಯುಎಇಯಲ್ಲಿ ಸಿಬಿಡಿ ಎಣ್ಣೆಗೆ ನಿಷೇಧ ಇದೆ, ಅಮೆರಿಕದ ಬಿಲ್ ತೋರಿಸಿದ್ರೂ ಅಲ್ಲಿ ಉಪಯೋಗಕ್ಕೆ ಬರಲ್ಲ. ಬ್ಯಾಗಲ್ಲಿ ಸಿಕ್ಕಿಬಿದ್ರೆ ಬಂಧನದವರೆಗೂ ಹೋಗಬಹುದು.

ಇಲ್ಲಿಗೆ ಬಂದ ಮೇಲೂ ತೊಂದರೆಯೇ. 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕವಸ್ತು ಕಾನೂನು) ಗಾಂಜಾ ಅನ್ನೋದು ಹೂ-ಕಾಯಿ ಬಿಟ್ಟ ತುದಿಗಳನ್ನ. ತುದಿ ಜೊತೆಗಿಲ್ಲದ ಎಲೆ, ಬೀಜ ಅದರ ಹೊರಗೆ. ಇಲ್ಲಿನ ವಿಜಯಾ ಉತ್ಪನ್ನಗಳು ಎಲೆಯಿಂದ ಮಾಡಿದ್ದು ಅಂತ ಆಯುಷ್ ಪರವಾನಗಿಯಲ್ಲಿ, ವೈದ್ಯರ ಚೀಟಿ ಮೇಲೆ ಮಾರಾಟ ಆಗೋದು ಇದೇ ಕಾರಣಕ್ಕೆ. ಅಮೆರಿಕದ ಎಣ್ಣೆ ಹೆಚ್ಚಾಗಿ ಹೂವಿನಿಂದಲೇ ತೆಗೆದದ್ದು. ಕೊರಿಯರ್‌ನಲ್ಲಿ ತರಿಸಿದ್ರೂ ಇದೇ ಗತಿ.

ಇಲ್ಲೇ ಕೊಳ್ಳೋದಾದ್ರೆ ಆಯುಷ್ ಲೈಸೆನ್ಸ್ ನಂಬರ್, ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಬೇಕು ಅನ್ನೋ ಎಚ್ಚರಿಕೆ ಎರಡೂ ಲೇಬಲ್ ಮೇಲೆ ಇರಲಿ, ಚೀಟಿ ಮತ್ತು ಬಿಲ್ ಬಾಟಲಿ ಜೊತೆಗೇ ಇಡಿ. ಸಿಒಎ ಬಂದ ಮೇಲೆ ಸಿಬಿಡಿ, ಟಿಎಚ್‌ಸಿ ಎರಡರ ಸಂಖ್ಯೆ ಇಲ್ಲಿ ಹಾಕಿ, ಮಿ.ಲೀ. ಲೆಕ್ಕ ಮಾಡಿಕೊಡ್ತೀನಿ.